ಗಾಜಿನ ಸುತ್ತ ಎರಡು ಬೆರಳು ಹೆಚ್ಚು ರಬ್ಬರು

ಹಳೆಯ ಕಾರಿನ ಮುಂದಿನ ಗಾಜನ್ನು ಒಡೆಯದೆ ತೆಗೆಯಬೇಕಿದ್ದರೆ ಮೊದಲು ಅದರ ಸುತ್ತಲಿನ ರಬ್ಬರಿನ ಆಸೆ ಬಿಡಬೇಕು. ಹೊರಗಿನ ಅಂಚನ್ನು ಚೂರಿಯಿಂದ ಸುತ್ತಲೂ ಕೊಯ್ದುಬಿಟ್ಟರೆ, ಒಳಗಿನಿಂದ ಎರಡು ಅಂಗೈ ಒತ್ತಿದಾಗ ಗಾಜು ತಾನಾಗಿ ಹೊರಗೆ ಬರುತ್ತದೆ. ರಬ್ಬರನ್ನೂ ಉಳಿಸುತ್ತೇನೆ ಎಂದು ಹೊರಟವನು ಎರಡನ್ನೂ ಕಳೆದುಕೊಳ್ಳುತ್ತಾನೆ. ಇದನ್ನು ನನಗೆ ಕಲಿಸಿದವರು ಕುಮಟಾದ ಮೇಸ್ತ್ರಿ. ಅವರ ಅಂಗಡಿಯಲ್ಲಿ ಕಲಿತೇ ನಾನು ಹೊನ್ನಾವರದಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ಅಂಗಡಿ ಹಾಕಿಕೊಂಡದ್ದು. ಬೆಳಿಗ್ಗೆ ಒಂದು ದಿನಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುತ್ತೇನೆ. ಉಳಿದ ಹೊತ್ತು ವಾಹನಗಳಿಗೆ ಗಾಜು ಕೂರಿಸುತ್ತೇನೆ.

ಈ ಬೇಸಿಗೆಯಲ್ಲಿ ಅಂಗಡಿಗೆ ಬಂದ ಪದ್ಮಿನಿ ಕಾರು ನನ್ನ ಹೆಂಡತಿಯ ತಮ್ಮನದು. ಅವನು ಮುರ್ಡೇಶ್ವರದ ಹತ್ತಿರದ ಮಾವಳ್ಳಿಯವನು. ಮೀನಿನ ಬೋಟಿನಲ್ಲಿದ್ದ ತನ್ನ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು, ಕುಮಟಾದ ಒಂದು ಮನೆಯ ಶೆಡ್ಡಿನಲ್ಲಿ ನಿಂತಿದ್ದ ಆ ಕಾರನ್ನು ಕೊಂಡಿದ್ದ. ಮುರ್ಡೇಶ್ವರಕ್ಕೆ ಬರುವ ಮದುಮಕ್ಕಳು ಸಮುದ್ರದ ಎದುರು ಫೋಟೊ ತೆಗೆಸಿಕೊಳ್ಳಲು, ದಿಬ್ಬಣದ ಮುಂದೆ ಓಡಿಸಲು ಅದನ್ನು ಬಾಡಿಗೆಗೆ ಬಿಡುವುದು ಅವನ ಲೆಕ್ಕ. ಇನ್ನು ಬೋಟು ಹತ್ತುವುದಿಲ್ಲ ಎಂದು ಮನೆಯಲ್ಲಿ ಎಲ್ಲರೆದುರು ಹೇಳಿ ಬಂದಿದ್ದ. ಅಣ್ಣಂದಿರು ನಕ್ಕಿದ್ದರು. ಆ ಕಾರು ಒಂದು ಮಳೆಗಾಲ ಸೋರಿದರೆ ಸಾಕು, ನೆಲದ ತಗಡು ನಮ್ಮ ಕರಾವಳಿಯ ಉಪ್ಪಿಗೆ ತಿಂದುಹೋಗುತ್ತದೆ. ಆಮೇಲೆ ಅವನಿಗೆ ಬೋಟೂ ಇಲ್ಲ, ಕಾರೂ ಇಲ್ಲ.

ಇಂಜಿನ್ ಕೆಲಸ, ಬಣ್ಣ ಎಲ್ಲ ಮುಗಿದಿತ್ತು. ಹಳೆಯ ಗಾಜಿನಲ್ಲಿ ವೈಪರ್ ಉಜ್ಜಿ ಉಜ್ಜಿ ಎರಡು ಬಿಲ್ಲಿನಾಕಾರದ ಗೀರು ಬಿದ್ದಿದ್ದವು. ರಬ್ಬರಿನ ಮೇಲ್ಪದರ ಉಗುರು ಊರಿದರೆ ಪುಡಿಯಾಗುತ್ತಿತ್ತು.

"ಭಾವ, ಗಾಜು ಹೊಸ್ದು, ರಬ್ಬರ್ ಎಲ್ಲಾ ಹೊಸ್ದು. ನೀವು ಪೇಪರಿಗೆ ಬರಿಯೂದ್ರಂಗೆ ಅರ್ಧ ಮಾಡಿ ಉಳಿದದ್ದು ನಾಳೆ ಅನ್ಬೇಡಿ" ಎಂದ.

"ನೀ ಮೊದ್ಲು ಆ ಬಾಗಿಲ ಮೇಲಿಂದ ಮೈ ತೆಗಿ. ಬಣ್ಣ ಹೋದ್ರೆ ಅದೂ ನನ್ನ ತಲೆಗೇ ಕಟ್ತೆ."

ಹಳೆಯ ರಬ್ಬರನ್ನು ಕೊಯ್ದು ಗಾಜು ತೆಗೆದೆವು. ಆ ರಬ್ಬರನ್ನು ಹಿಂದೊಮ್ಮೆ ಕೂರಿಸಿದ್ದವರು ಮೇಸ್ತ್ರಿಯೇ. ಕಾರಿನ ಹಳೆಯ ಮನೆಯವರು ಎಲ್ಲ ಗಾಜಿನ ಕೆಲಸವನ್ನೂ ಅವರಲ್ಲೇ ಮಾಡಿಸುತ್ತಿದ್ದರು. ಹಳೆಯ ಗಾಜನ್ನು ಹಿಂದಿನ ಗೋಡೆಗೆ ಒರಗಿಸಿ, ಕೊಯ್ದ ರಬ್ಬರನ್ನು ಸುರುಳಿ ಸುತ್ತಿ ಅದೇ ಗೋಡೆಯ ಮೊಳೆಗೆ ಹಾಕಿದೆ. ಎಸೆಯದೆ ಇಡುವುದು ನನ್ನ ಅಭ್ಯಾಸ, ಬೇರೆ ಕಾರಣವಿರಲಿಲ್ಲ.

ಈ ರಬ್ಬರಿಗೆ ನಮ್ಮಲ್ಲಿ ಬೀಡಿಂಗ್ ಎನ್ನುತ್ತಾರೆ. ಅದರ ಎರಡು ಬದಿಗೂ ಉದ್ದಕ್ಕೆ ಸಂದು ಇರುತ್ತದೆ. ಒಂದು ಸಂದಿನಲ್ಲಿ ಗಾಜು ಕೂರುತ್ತದೆ. ಇನ್ನೊಂದು ಸಂದು ಕಾರಿನ ಕಿಂಡಿಯ ಸುತ್ತಲಿನ ತಗಡಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ಈಗಿನ ಕಾರುಗಳಿಗೆ ಇದಿಲ್ಲ, ಗಾಜನ್ನು ಗೋಂದಿನಿಂದ ಅಂಟಿಸುತ್ತಾರೆ. ಲಾರಿ, ಟೆಂಪೊಗಳಿಗೆ ಬಳೆಯಂತೆ ಒಂದೇ ಸುತ್ತಾಗಿ ಎರಕ ಹೊಯ್ದ ರಬ್ಬರು ಬರುತ್ತದೆ, ಕತ್ತರಿಸುವ ಪ್ರಶ್ನೆಯಿಲ್ಲ. ಇಂಥ ಹಳೆಯ ಕಾರಿಗೆ ಮಾತ್ರ ಹುಬ್ಬಳ್ಳಿಯಿಂದ ಉರುಳೆಯಲ್ಲಿ ತರಿಸಿ, ಬೇಕಾದಷ್ಟು ಕತ್ತರಿಸಿ, ಎರಡು ತುದಿಗಳನ್ನು ಕೆಳಗಡೆ ನಡುವಿಗೆ ಸೇರಿಸಬೇಕು. ಮೇಸ್ತ್ರಿಯ ಜೊತೆ ನಿಂತು ಅಂಥ ಕೆಲಸ ಹಲವು ಸಲ ಮಾಡಿದ್ದೆ. ಅವರಿಲ್ಲದೆ, ನಾನೇ ಕತ್ತರಿಸಿ ಮಾಡಿದ್ದು ಇದೇ ಮೊದಲು.

ಅವರು ಹೇಳಿಕೊಟ್ಟದ್ದು ಹೀಗೆ: ಗಾಜಿನ ಸುತ್ತಳತೆಗೆ ಸರಿಯಾಗಿ ಕತ್ತರಿಸು, ಎಳೆದು ಬಿಗಿಯಾಗಿ ಕೂರಿಸು, ಎಳೆದಾಗ ಮಿಕ್ಕ ತುದಿಯನ್ನು ಕೊಯ್ದುಬಿಡು, ಸಡಿಲ ಬಿಟ್ಟರೆ ನೀರು ಬರುತ್ತದೆ. ನಾನು ಹಾಗೇ ಮಾಡಿದೆ. ರಬ್ಬರನ್ನು ಗಾಜಿನ ಸುತ್ತ ಎಳೆದು ಕೂರಿಸಿದೆ. ಹೊರಗಿನ ಸಂದಿನಲ್ಲಿ ನೈಲಾನ್ ದಾರ ಇಟ್ಟು, ಅದರ ಎರಡು ತುದಿಗಳನ್ನು ಕಾರಿನ ಒಳಗೆ ಬಿಟ್ಟೆ. ತಗಡಿಗೆ ಸೋಪಿನ ನೀರು ಸವರಿ, ಗಾಜನ್ನು ಎತ್ತಿ ಕಿಂಡಿಗೆ ಇಟ್ಟೆವು. ನಾನು ಒಳಗೆ ಕೂತು ದಾರ ಎಳೆದಂತೆ ರಬ್ಬರಿನ ತುಟಿ ತಗಡಿನ ಮೇಲೆ ಒಂದೊಂದಂಗುಲ ಹತ್ತುತ್ತ ಬಂತು. ದಾರ ಎಲ್ಲಿದೆಯೋ ಅಲ್ಲಿಗೆ ಹೊರಗಿನವನು ಅಂಗೈ ಒತ್ತಬೇಕು.

"ಇಲ್ಲಿ ಒತ್ತು... ಇಲ್ಲಿ. ನನ್ನ ಮುಖ ಎಂತಕ್ಕೆ ನೋಡ್ತೆ? ದಾರ ನೋಡು."

"ಗಾಜಿನಾಚೆ ನಿಮ್ಮ ಮುಖ ಬಂಗಡೆ ಮೀನಿನಂಗೆ ಕಾಣ್ತದೆ ಭಾವ" ಎಂದು ನಕ್ಕ. ಆದರೆ ಕೈ ತಪ್ಪಿಸಲಿಲ್ಲ. ಬೋಟಿನಲ್ಲಿ ಬಲೆ ಎಳೆದ ಕೈ.

ರಬ್ಬರಿನ ಮೇಲೆ ಅಂದಕ್ಕೆ ಹಾಕುವ ಬೆಳ್ಳಿ ಬಣ್ಣದ ಪಟ್ಟಿ ಕೂರಿಸಿದ ಮೇಲೆ ಪೈಪಿನಿಂದ ನೀರು ಹೊಡೆದು ನೋಡಿದೆವು. ಒಂದು ಹನಿಯೂ ಒಳಗೆ ಬರಲಿಲ್ಲ. ನಾಲ್ಕು ಬಾಗಿಲುಗಳ ರಬ್ಬರನ್ನೂ ಮೇಸ್ತ್ರಿ ಹೇಳಿಕೊಟ್ಟ ಕ್ರಮದಲ್ಲೇ ಅಂಟಿಸಿ ಕಾರು ಕಳಿಸಿದೆ. ಅಂದು ಸಂಜೆ ಮೇಸ್ತ್ರಿಗೆ ಫೋನ್ ಮಾಡಿ, ನಾನೇ ಕತ್ತರಿಸಿ ಕೂರಿಸಿದೆ ಎಂದು ಹೇಳಿದೆ.

"ಹೌದನಾ? ಚಲೋ ಆತು" ಎಂದರು.

ಏಪ್ರಿಲ್ ಕೊನೆಗೆ ಗುಡುಗಿನೊಡನೆ ಮೊದಲ ಮಳೆ ಬಿತ್ತು. ಮರುದಿನ ಬೆಳಿಗ್ಗೆ ಭಾವಮೈದ ಕಾರಿನ ಸಮೇತ ಅಂಗಡಿಯ ಮುಂದೆ ನಿಂತಿದ್ದ. ಎಡಗಡೆಯ ಕಾಲ್ಚಾಪೆ ಎತ್ತಿ ಹಿಂಡಿ ತೋರಿಸಿದ. ನೀರು ಅವನ ಚಪ್ಪಲಿಯ ಮೇಲೆ ಸುರಿಯಿತು.

ಸೋರಿಕೆ ಹುಡುಕಲು ಒಂದು ಸರಳ ಕ್ರಮವಿದೆ. ಒಳಗಡೆ ಅಂಚಿನುದ್ದಕ್ಕೂ ಟಾಲ್ಕಂ ಪೌಡರ್ ಉದುರಿಸಿ, ಹೊರಗಿನಿಂದ ಕೆಳಗಿಂದ ಮೇಲಕ್ಕೆ ನಿಧಾನ ನೀರು ಬಿಡುವುದು. ನೀರು ಬಂದ ದಾರಿ ಪೌಡರಿನಲ್ಲಿ ಗೆರೆಯಾಗಿ ಉಳಿಯುತ್ತದೆ. ಎರಡು ಗೆರೆ ಕಂಡವು: ಕೆಳಗೆ ಎಡ ಮೂಲೆಯಲ್ಲೊಂದು, ನಡುವಿನ ಜೋಡಣೆಯಲ್ಲೊಂದು. ಎರಡೂ ಕಡೆ ರಬ್ಬರಿನ ತುಟಿಯ ಅಡಿಗೆ ಕಪ್ಪು ಸೀಲೆಂಟ್ ತುಂಬಿದೆ. ಒಣಗಿದ ಮೇಲೆ ಮತ್ತೆ ನೀರು ಹೊಡೆದೆ. ಮೂಲೆ ನಿಂತಿತು, ಜೋಡಣೆ ನಿಲ್ಲಲಿಲ್ಲ. ಮತ್ತೊಂದು ವಾರಕ್ಕೆ ಮೂಲೆಯೂ ಬಿಟ್ಟುಕೊಟ್ಟಿತು.

ಆಗ ಮೇಸ್ತ್ರಿಯನ್ನು ಕರೆದೆ. ಕೈಗೆ ಬಾರದ ಕೆಲಸ ಬಂದಾಗ ಅವರನ್ನು ಕರೆಯುವುದು ನನಗೆ ಉಸಿರಾಡುವಷ್ಟು ಸಹಜವಾಗಿತ್ತು. ಅವರು ಕುಮಟಾದಿಂದ ಬಸ್ಸಿನಲ್ಲಿ ಬಂದರು. ಲುಂಗಿಯ ಅಂಚಿನಿಂದ ಕನ್ನಡಕ ಒರೆಸಿ ಹಾಕಿಕೊಂಡು, ಗಾಜಿನ ಸುತ್ತ ಒಮ್ಮೆ ಬೆರಳಾಡಿಸಿದರು. ಜೋಡಣೆಯ ಹತ್ತಿರ ಬೆರಳು ನಿಂತಿತು. ಅಲ್ಲಿ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಬಿರುಕು ಇತ್ತು. ನಾನೂ ಅದನ್ನು ನೋಡಿದ್ದೆ, ಕತ್ತರಿ ಸರಿಯಾಗಿ ಬಿದ್ದಿಲ್ಲ ಎಂದುಕೊಂಡಿದ್ದೆ. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ. ಉಗುರಿನಿಂದ ತಗಡಿನ ಅಂಚನ್ನು ಕೆರೆದರು.

"ರಬ್ಬರ್ದು ಎಂತ ತಪ್ಪಿಲ್ಲ ತಮಾ. ತಗಡು ಹೋಗ್ಯದೆ. ಒಳಗೆ ತಿಂದದೆ. ಕೆಳಗಿನ ಅಂಚು ಪೂರಾ ಕತ್ತರಿಸಿ ಹೊಸ್ದು ವೆಲ್ಡ್ ಮಾಡ್ಸು. ಇಲ್ಲಾಂದ್ರೆ ನೀ ಎಷ್ಟು ಸಲ ಕೂರಿಸಿದ್ರೂ ಇದೇ ಕತೆ."

ಭಾವಮೈದನ ಮುಖ ಇಳಿಯಿತು. "ಬಣ್ಣ ಈಗಷ್ಟೇ ಆಗ್ಯದೆ ಮೇಸ್ತ್ರಿ..."

"ಬಣ್ಣ ನೋಡಿ ಗಾಡಿ ತಕಂಡ್ರೆ ಹಿಂಗೇ ಆಗೂದು" ಎಂದು ಮೇಸ್ತ್ರಿ ಅವನ ಬೆನ್ನು ತಟ್ಟಿದರು. ಊಟ ಮಾಡಿ ಹೋಗಿ ಎಂದರೂ ನಿಲ್ಲಲಿಲ್ಲ.

ಭಟ್ಕಳದಲ್ಲಿ ಹಳೆಯ ಗಾಡಿಗಳ ತಗಡಿನ ಕೆಲಸಕ್ಕೆ ಹೆಸರಾದ ಒಬ್ಬ ವೆಲ್ಡರ್ ಇದ್ದಾರೆ. ಮನೆಮಾತು ನವಾಯತಿ; ಗಿರಾಕಿಗಳೊಡನೆ ಕನ್ನಡ, ಉರ್ದು ಬೆರೆಸಿ ಮಾತಾಡುತ್ತಾರೆ. ಗಾಜು ತೆಗೆದ ಕಾರನ್ನು ನಾವಿಬ್ಬರೂ ಮುಖಕ್ಕೆ ಗಾಳಿ ಹೊಡೆಸಿಕೊಳ್ಳುತ್ತ ಅಲ್ಲಿಗೆ ಓಡಿಸಿಕೊಂಡು ಹೋದೆವು. ಅವರು ಸಣ್ಣ ಸುತ್ತಿಗೆಯಿಂದ ಕೆಳಗಿನ ಅಂಚನ್ನು ಉದ್ದಕ್ಕೂ ತಟ್ಟಿ ಸದ್ದು ಕೇಳಿದರು.

"ಮಾಲ್ ಗಟ್ಟಿ ಉಂಟಲ್ಲಾ ಭಾಯ್. ಕಟ್ ಯಾಕೆ ಮಾಡೋದು?"

"ನಮ್ಮ ಮೇಸ್ತ್ರಿ ನೋಡಿ ಹೇಳಿದ್ದಾರೆ."

"ಅವರು ಸುತ್ತಿಗೆ ಹಾಕಿ ನೋಡಿದ್ರಾ?"

"ಅವರಿಗೆ ಸುತ್ತಿಗೆ ಬೇಡ. ನೀವು ಕತ್ತರಿಸಿ."

ಅವರು ಭುಜ ಕುಣಿಸಿ, ಹಣೆಯ ಮೇಲಿದ್ದ ಕೆಲಸದ ಕನ್ನಡಕವನ್ನು ಕಣ್ಣಿಗೆ ಇಳಿಸಿದರು. ಕತ್ತರಿಸುವ ಚಕ್ರದ ಕಿಡಿ ಹೊಸ ಬಣ್ಣದ ಮೇಲೆ ಬೀಳದಂತೆ ಭಾವಮೈದ ಒದ್ದೆ ಗೋಣಿ ಹಿಡಿದು ನಿಂತಿದ್ದ. ಆದರೂ ಬಾನೆಟ್ಟಿನ ಹತ್ತಿರ ಒಂದು ಕಡೆ ಬಣ್ಣ ಉಬ್ಬಿ ಗುಳ್ಳೆ ಎದ್ದಿತು. ಕತ್ತರಿಸಿದ ತಗಡು ನೆಲಕ್ಕೆ ಬಿದ್ದಾಗ ಅದನ್ನೆತ್ತಿ ತಿರುಗಿಸಿ ನೋಡಿದೆ. ಒಂದು ತುದಿಯಲ್ಲಿ ಮೇಲುಮೇಲಿನ ಕೆಂಪು ತುಕ್ಕು, ಬಟ್ಟೆಯಿಂದ ಒರೆಸಿದರೆ ಹೋಗುವಷ್ಟು. ಉಳಿದದ್ದು ಹೊಸ ತಗಡಿನಂತೆ ಗಟ್ಟಿ.

ವೆಲ್ಡರ್ ನನ್ನ ಮುಖ ನೋಡಿದರು. ತಗಡು ನೋಡಿ ಮೇಸ್ತ್ರಿಗೆ ಕಣ್ಣು ಮೋಸ ಮಾಡಿರಬಹುದು, ವಯಸ್ಸಾಯಿತು ಎಂದುಕೊಂಡೆ. ಅಂದು ನನಗೆ ಅದಕ್ಕಿಂತ ಮುಂದಕ್ಕೆ ಯೋಚನೆ ಹೋಗಲಿಲ್ಲ.

ಹೊಸ ಅಂಚು ಬೆಸೆದು, ಉಜ್ಜಿ, ಬಣ್ಣ ಹಚ್ಚಿಸಿ ಕಾರು ಹೊನ್ನಾವರಕ್ಕೆ ಮರಳಿತು. ಉರುಳೆಯಲ್ಲಿ ಉಳಿದಿದ್ದ ಬೀಡಿಂಗನ್ನು ಮತ್ತೆ ಗಾಜಿನ ಸುತ್ತಳತೆಗೆ ಸರಿಯಾಗಿ ಕತ್ತರಿಸಿದೆ. ಈ ಸಲ ಇನ್ನೂ ಬಿಗಿಯಾಗಿ ಎಳೆದು ಕೂರಿಸಿ, ಮಿಕ್ಕ ತುದಿ ಕೊಯ್ದೆ. ಪೈಪಿನ ನೀರಿಗೆ ಒಂದು ಹನಿಯೂ ಒಳಗೆ ಬರಲಿಲ್ಲ. ಮೇ ತಿಂಗಳ ಬಿಸಿಲಿಗೆ ಕಾರು ಅಂಗಡಿಯ ಮುಂದೆಯೇ ನಿಂತಿತ್ತು. ಕೆಲವೇ ದಿನಕ್ಕೆ ಜೋಡಣೆ ಮತ್ತೆ ಬಾಯಿ ಬಿಟ್ಟಿತು. ಮೊದಲ ಸಲಕ್ಕಿಂತ ಬೇಗ, ಮೊದಲ ಸಲಕ್ಕಿಂತ ಅಗಲ. ಮೂಲೆಗಳಲ್ಲಿ ರಬ್ಬರು ತಗಡಿನಿಂದ ಎದ್ದು ನಿಂತಿತ್ತು.

"ಭಾವ, ಜೂನ್ ಹತ್ರ ಬಂತು" ಎಂದ ಭಾವಮೈದ. ತಮಾಷೆ ಮಾಡುವುದನ್ನು ಅವನು ನಿಲ್ಲಿಸಿದ್ದ. "ಅಣ್ಣ ಫೋನ್ ಮಾಡಿದ್ದ. ಬೋಟಿನಲ್ಲಿ ಒಬ್ಬನ ಜಾಗ ಖಾಲಿ ಅದೆ ಅಂದ. ಹೇಳೂಕೆ ಅಂತ ಹೇಳಿದ್ದಲ್ಲ, ಕೆಣಕೂಕೆ."

ಮೇಸ್ತ್ರಿಗೆ ಫೋನ್ ಮಾಡಲು ಮೊಬೈಲ್ ಕೈಗೆತ್ತಿಕೊಂಡೆ. ಒತ್ತದೆ ಕೆಳಗಿಟ್ಟೆ.

ಸುದ್ದಿ ಕಳಿಸಲು ಶುರುಮಾಡಿದ ದಿನಗಳಲ್ಲಿ ಪತ್ರಿಕೆಯ ಡೆಸ್ಕಿನಿಂದ ಪ್ರತಿ ಸಲ ಒಂದೇ ಪ್ರಶ್ನೆ ಬರುತ್ತಿತ್ತು: ಇದನ್ನು ನೀನೇ ನೋಡಿದೆಯಾ, ಯಾರೋ ಹೇಳಿದ್ದಾ? ಸೇತುವೆ ಕುಸಿದಿದೆ ಎಂದರೆ ಹೋಗಿ ನೋಡಿ ಬರೆಯುವ ನಾನು, ತಗಡು ತಿಂದಿದೆ ಎಂದಾಗ ಸುತ್ತಿಗೆಯಿಂದ ತಟ್ಟಿ ನೋಡಿರಲಿಲ್ಲ. ಹಾಗಾಗಿ ಆ ದಿನ ಕೂತು, ಈ ಕೆಲಸದಲ್ಲಿ ನಾನು ಕಣ್ಣಾರೆ ಕಂಡದ್ದು ಯಾವುದು, ಅವರು ಬಾಯಲ್ಲಿ ಹೇಳಿದ್ದು ಯಾವುದು ಎಂದು ಒಂದೊಂದಾಗಿ ಬೇರ್ಪಡಿಸಿದೆ. ಗಾಜು ತೆಗೆಯುವುದು, ಕಂಡದ್ದು. ಸೋಪಿನ ನೀರು, ದಾರ ಎಳೆಯುವ ಕ್ರಮ, ಕಂಡದ್ದು. ಪಟ್ಟಿ ಕೂರಿಸುವುದು, ಕಂಡದ್ದು. ರಬ್ಬರು ಕತ್ತರಿಸುವುದು?

ಕಂಡದ್ದಿಲ್ಲ. ಎಷ್ಟು ನೆನಪಿಸಿಕೊಂಡರೂ ಆ ಚಿತ್ರ ಬರಲಿಲ್ಲ. ಉರುಳೆ ಬಿಚ್ಚಿ ಗಾಜಿನ ಪಕ್ಕ ಇಡುವವರೆಗೆ ನಾನಿರುತ್ತಿದ್ದೆ. ಆಗ ಮೇಸ್ತ್ರಿ ಬೆನ್ನು ನೇರ ಮಾಡಿ, "ತಮಾ, ಎರಡು ಚಾ ಹೇಳಿ ಬಾ. ಇಲ್ಲಿಯದ್ದು ಬೇಡ, ಸ್ಟ್ಯಾಂಡಿನ ಹತ್ರದ್ದು" ಎನ್ನುತ್ತಿದ್ದರು. ನಾನು ಮರಳುವಾಗ ರಬ್ಬರು ಗಾಜಿನ ಸುತ್ತ ಕೂತಿರುತ್ತಿತ್ತು. ಚಾ ಕುಡಿಯುತ್ತ, ಅಳತೆಗೆ ಸರಿಯಾಗಿ ಕತ್ತರಿಸಬೇಕು, ಎಳೆದು ಕೂರಿಸಬೇಕು ಎಂದು ವಿವರಿಸುತ್ತಿದ್ದರು. ಪ್ರತಿ ಸಲವೂ ಹಾಗೆಯೇ. ಅಂಗಡಿಯ ಪಕ್ಕದಲ್ಲೇ ಹೋಟೆಲಿದ್ದೂ ಸ್ಟ್ಯಾಂಡಿನ ಚಾ ಯಾಕೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವರಿಗೆ ಅದರ ರುಚಿ ಎಂದುಕೊಂಡಿದ್ದೆ.

ಹಿಂದಿನ ಗೋಡೆಯ ಮೊಳೆಯಲ್ಲಿದ್ದ ಹಳೆಯ ರಬ್ಬರನ್ನು ಇಳಿಸಿದೆ. ಅದು ಅವರ ಕೈಯಿಂದ ಕತ್ತರಿಸಿದ್ದು, ಅವರು ಹೇಳಿದ್ದಲ್ಲ, ಮಾಡಿದ್ದು. ಗಾಜು ಕೂರುವ ಸಂದಿನುದ್ದಕ್ಕೂ ದಾರ ಹಾಯಿಸಿ ಅದರ ಉದ್ದ ಹಿಡಿದೆ. ಅದೇ ದಾರವನ್ನು ಹಳೆಯ ಗಾಜಿನ ಸುತ್ತ ಸುತ್ತಿದೆ. ಸುತ್ತು ಮುಗಿದ ಮೇಲೂ ಒಂದು ಬೆರಳಿನ ಅಗಲ ದಾರ ಉಳಿಯಿತು. ಎಷ್ಟೋ ಬೇಸಿಗೆಯಲ್ಲಿ ಒಣಗಿ ಮುದುಡಿದ ರಬ್ಬರೇ ಗಾಜಿಗಿಂತ ಒಂದು ಬೆರಳು ಉದ್ದವಿದ್ದರೆ, ಹೊಸದರಲ್ಲಿ ಎರಡು ಬೆರಳಾದರೂ ಹೆಚ್ಚಿದ್ದಿರಬೇಕು. ತಪ್ಪಿರಬಹುದೆಂದು ಭಾವಮೈದನ ಕೈಯಲ್ಲೂ ಅಳೆಸಿದೆ. ಅವನಿಗೂ ಅಷ್ಟೇ ಬಂತು.

ಇದರ ಅರ್ಥ ತಿಳಿಯಲು ದೊಡ್ಡ ವಿದ್ಯೆ ಬೇಕಿರಲಿಲ್ಲ. ಎಳೆದು ಕೂರಿಸಿದ ರಬ್ಬರು ಬಿಸಿಲಿಗೆ ತನ್ನ ಮೊದಲಿನ ಉದ್ದಕ್ಕೆ ಹಿಂದಿರುಗುತ್ತದೆ. ಆಗ ಜೋಡಣೆ ಬಾಯಿ ಬಿಡುತ್ತದೆ, ಮೂಲೆ ಏಳುತ್ತದೆ. ಹೆಚ್ಚಿಗೆ ಕತ್ತರಿಸಿ, ಎಳೆಯದೆ, ಒಳಕ್ಕೆ ದೂಡಿ ದೂಡಿ ತುಂಬಿದ ರಬ್ಬರು ಸದಾ ತನ್ನ ತುದಿಗಳನ್ನು ಒಂದಕ್ಕೊಂದು ಒತ್ತಿಕೊಂಡಿರುತ್ತದೆ. ನನಗೆ ಕಲಿಸಿದ್ದು ಇದರ ತದ್ವಿರುದ್ಧ.

ಹುಬ್ಬಳ್ಳಿಯಿಂದ ಮತ್ತೆ ಬೀಡಿಂಗ್ ತರಿಸಿದೆ. ಎರಡು ಬೆರಳು ಹೆಚ್ಚು ಬಿಟ್ಟು ಕತ್ತರಿಸಿದೆ. ಮೊದಲು ನಾಲ್ಕು ಮೂಲೆ, ಆಮೇಲೆ ಬದಿಗಳು. ಕೊನೆಯಲ್ಲಿ ಉಳಿದ ಉಬ್ಬನ್ನು ಹೆಬ್ಬೆರಳಿನಿಂದ ಒಳಕ್ಕೆ ನೂಕುವಾಗ ಉಗುರಿನ ಬುಡ ಒಡೆದು ರಕ್ತ ಬಂತು. ದಾರ ಎಳೆಯುವುದು ಹಿಂದೆಂದಿಗಿಂತ ಕಷ್ಟವಾಯಿತು; ಒಮ್ಮೆ ದಾರ ಹರಿದು, ಗಾಜು ಇಳಿಸಿ ಮೊದಲಿನಿಂದ ಶುರುಮಾಡಬೇಕಾಯಿತು. ಕೂತ ಮೇಲೆ ಕಾರನ್ನು ಬೇಕೆಂದೇ ನೆತ್ತಿಯ ಬಿಸಿಲಿಗೆ ನಿಲ್ಲಿಸಿದೆವು. ದಿನವೂ ಜೋಡಣೆಯ ಮೇಲೆ ಉಗುರು ಆಡಿಸಿ ನೋಡುತ್ತಿದ್ದೆ. ಉಗುರಿಗೆ ಸಂದು ಸಿಗಲಿಲ್ಲ. ಪೌಡರ್ ಉದುರಿಸಿ ಪೈಪು ಹಿಡಿದರೆ ಒಂದು ಗೆರೆಯೂ ಮೂಡಲಿಲ್ಲ.

ಭಾವಮೈದನಿಗೆ ಎಲ್ಲವನ್ನೂ ಹೇಳಿದೆ. ರಬ್ಬರಿನ ಅಳತೆ, ಚಾ, ತಗಡು. ಹೇಳದೇ ಇದ್ದಿದ್ದರೆ ಕಾರು ಸರಿಯಾಯಿತೆಂಬ ಸಂತೋಷದಲ್ಲಿ ಅವನು ಏನೂ ವಿಚಾರಿಸುತ್ತಿರಲಿಲ್ಲ. ಅವನು ಬಾನೆಟ್ಟಿನ ಹತ್ತಿರ ಗುಳ್ಳೆ ಎದ್ದು ಮತ್ತೆ ಬಣ್ಣ ಹಚ್ಚಿಸಿದ ಜಾಗದ ಮೇಲೆ ಕೈ ಇಟ್ಟುಕೊಂಡು ಕೇಳಿದ. ಬೆಳಕು ಓರೆ ಬಿದ್ದರೆ ಅಲ್ಲಿ ಬಣ್ಣ ಬೇರೆಯಾಗಿಯೇ ಕಾಣುತ್ತದೆ.

"ಹಂಗಾರೆ ಒಳ್ಳೆ ತಗಡು ಕತ್ತರಿಸಿದ್ದು?"

"ಹೌದು."

"ಅದು ಅವ್ರಿಗೆ ಗೊತ್ತಿತ್ತು?"

"ಜೋಡಣೆ ಮೇಲೆ ಬೆರಳು ನಿಲ್ಲಿಸಿದ್ರು. ನಾ ನೋಡಿದ್ದು ಅಷ್ಟು. ಗೊತ್ತಿತ್ತು ಅಂತ ಅವರು ಹೇಳ್ಬೇಕು."

"ನಿಮ್ದು ಪೇಪರ್ ಭಾಷೆ ಸಾಕು ಭಾವ" ಎಂದು ಅವನು ಮೊದಲ ಸಲ ನನ್ನ ಮೇಲೆ ದನಿ ಎತ್ತಿದ. "ನನ್ನ ಬೆನ್ನು ತಟ್ಟಿ ಹೋದ್ರಲ್ಲ. ಹೋಗಿ ಕೇಳಿ. ನೀವು ಕೇಳದಿದ್ರೆ ನಾ ಹೋಗಿ ಕೇಳ್ತೆ, ನಾ ಕೇಳೂದು ಬೇರೆ ಥರ ಇರ್ತದೆ."

ಮಾರನೆಯ ದಿನ ಕುಮಟಾಕ್ಕೆ ಹೋದೆ. ಮೇಸ್ತ್ರಿ ಅಂಗಡಿಯಲ್ಲಿ ಒಬ್ಬರೇ ಇದ್ದರು, ಒಂದು ಟೆಂಪೊದ ಪಕ್ಕದ ಗಾಜಿನ ಹರಿತ ಅಂಚನ್ನು ಸಾಣೆಕಲ್ಲಿನಿಂದ ಉಜ್ಜುತ್ತಿದ್ದರು. ನಾನು ಸ್ಟೂಲು ಎಳೆದುಕೊಳ್ಳದೆ ನಿಂತೇ ಇದ್ದುದನ್ನು ನೋಡಿ ಕಲ್ಲು ಕೆಳಗಿಟ್ಟರು.

"ಸೋರೂದು ನಿಂತ್ತಾ?" ಎಂದು ಅವರೇ ಕೇಳಿದರು.

"ನಿಂತಿತು. ಎರಡು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿದೆ."

ಅವರು ನನ್ನ ಒಡೆದ ಉಗುರು ನೋಡಿದರು. ಹೆದ್ದಾರಿಯಲ್ಲಿ ಮೀನಿನ ಲಾರಿಯೊಂದು ನೀರು ಸುರಿಸುತ್ತ ಹೋಯಿತು.

"ಯಾರು ಹೇಳಿದ್ರು?"

"ನಿಮ್ಮ ಹಳೇ ರಬ್ಬರು."

"ಹ್ಞೂಂ" ಎಂದರು. ಅವರ ಮುಖದಲ್ಲಿ ನಗುವಿನಂಥದೇನೋ ಬಂದು ಹೋಯಿತು. ಅದು ಮೆಚ್ಚುಗೆಯೋ ಏನೋ ನನಗೆ ತಿಳಿಯಲಿಲ್ಲ. "ಬುದ್ಧಿ ಅದೆ ನಿಂಗೆ."

"ನಂಗೆ ಯಾಕೆ ಹೇಳಿಲ್ಲ ಮೇಸ್ತ್ರಿ?"

"ನಿನ್ಕಿಂತ ಮೊದ್ಲು ಇಬ್ರು ಇದ್ರು ನನ್ನ ಹತ್ರ. ಎಲ್ಲಾ ಹೇಳಿಕೊಟ್ಟೆ. ಒಬ್ಬ ಗೋವಾಕ್ಕೆ ಹೋದ, ಸತ್ನೋ ಬದುಕಿದ್ನೋ ಗೊತ್ತಿಲ್ಲ. ಇನ್ನೊಬ್ಬ ಇದೇ ಊರಲ್ಲಿ ಅಂಗಡಿ ಹಾಕ್ದ. ಎದುರು ಸಿಕ್ಕಿದ್ರೆ ಆಚೆ ಬದಿಗೆ ದಾಟ್ತ. ನೀ ವಾರಕ್ಕೊಂದು ಸಲ ಫೋನ್ ಮಾಡ್ತೆ, ಹಬ್ಬಕ್ಕೆ ಮನೆಗೆ ಬರ್ತೆ. ಒಂದು ಉಳಿಸ್ಕಂಡೆ ತಮಾ. ನೀನೂ ಉಳಿದೆ."

"ಒಂದು ಮಾತು ಮುಚ್ಚಿಟ್ಟದ್ದು ಬೇರೆ. ಎಳೆದು ಕೂರಿಸು ಅಂತ ತಿರುಗಾಮುರುಗಾ ಹೇಳಿಕೊಟ್ಟದ್ದು ಬೇರೆ."

ಅವರು ಗಾಜನ್ನು ಇನ್ನೊಂದು ಬದಿಗೆ ತಿರುಗಿಸಿದರು.

"ಅದೂ ಆತು. ಆ ತಗಡು ಎಂತಕ್ಕೆ ಕತ್ತರಿಸಿ ಅಂದ್ರಿ? ನನ್ನ ಭಾವಮೈದ ನಿಮಗೆ ಎಂತ ಮಾಡಿದ್ದ?"

ಅವರು ಗಾಜಿನ ಅಂಚಿನ ಪುಡಿಯನ್ನು ಊದಿ ಹಾರಿಸಿದರು. ತಲೆ ಎತ್ತದೆ ಹೇಳಿದರು: "ನಿನ್ನ ಅಂಗಡಿ ಆದ ಮೇಲೆ ಭಟ್ಕಳದ ಕಡೆ ಗಾಡಿ ಒಂದೂ ಹೊನ್ನಾವರ ದಾಟಿ ಬರೂದಿಲ್ಲ. ಅವತ್ತು ನೀ ಫೋನ್ ಮಾಡಿ, ನಾನೇ ಕತ್ತರಿಸಿದೆ ಅಂದೆ. ಕುಶಿಯಲ್ಲಿ ಹೇಳ್ದೆ. ನಂಗೆ ರಾತ್ರಿ ಊಟ ಸೇರಿಲ್ಲ."

ಕ್ಷಮೆ ಎಂಬ ಮಾತು ಅವರ ಬಾಯಿಂದ ಬರಬಹುದೆಂದು ಕಾದೆ. ಬರಲಿಲ್ಲ. ಬಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ಅದೂ ಗೊತ್ತಿಲ್ಲ. ಅವರ ಊಟದ ತಟ್ಟೆಯಲ್ಲಿ ಉಂಡವನು ನಾನು. ನನ್ನ ಮದುವೆಯಲ್ಲಿ ನನ್ನ ಕಡೆಯ ಹಿರಿಯರ ಸಾಲಿನಲ್ಲಿ ನಿಂತವರು ಅವರು. ಹೊರಡಲು ತಿರುಗಿದೆ.

"ತಮಾ, ಬಾಗಿಲ ರಬ್ಬರ್ ಹ್ಯಾಂಗೆ ಅಂಟಿಸಿದೆ?" ಎಂದು ಹಿಂದಿನಿಂದ ಕೇಳಿದರು.

"ನೀವು ಹೇಳಿಕೊಟ್ಟ ಹಾಗೇ."

ಮೇಸ್ತ್ರಿ ಕಲ್ಲು ಕೈಗೆ ತೆಗೆದುಕೊಂಡರು. "ಹಂಗಾರೆ ಮಳೆ ಹಿಡಿಯೂಕೆ ಮೊದ್ಲು ಅದನ್ನೂ ಒಂದ್ಸಲ ಕಿತ್ತು ನೋಡು."

"ನೋಡೂದು ಎಂತ?"

"ಕಿತ್ತರೆ ಕಾಣ್ತದೆ" ಎಂದು ಮತ್ತೆ ಗಾಜು ಉಜ್ಜತೊಡಗಿದರು.

ಬಸ್ಸಿನಲ್ಲಿ ಆ ಮಾತನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಇದು ತಡವಾಗಿ ಬಂದ ಪಾಠವಿರಬಹುದು. ಇನ್ನೊಂದು ತಗಡಿನ ಕತೆಯೂ ಇರಬಹುದು. ಒಳ್ಳೆಯ ಕೆಲಸವನ್ನು ನನ್ನ ಕೈಯಿಂದಲೇ ಬಿಚ್ಚಿಸುವ ಆಸೆಯೂ ಇರಬಹುದು. ಮೂರರಲ್ಲಿ ಯಾವುದು ಎಂದು ಕೇಳಿ ತಿಳಿಯುವಂತಿರಲಿಲ್ಲ, ಏಕೆಂದರೆ ಕೇಳಬೇಕಾದದ್ದು ಅವರನ್ನೇ.

ಅಂಗಡಿಯಲ್ಲಿ ಕಾಯುತ್ತಿದ್ದ ಭಾವಮೈದನಿಗೆ ನಡೆದ ಮಾತನ್ನು ಬಿಡದೆ ಒಪ್ಪಿಸಿದೆ. ಅವನು ಕಾರನ್ನೂ ನನ್ನನ್ನೂ ನೋಡಿದ.

"ನಂಬೂದಾ, ಬಿಡೂದಾ?"

"ನಂಬೂದೂ ಬೇಡ, ಬಿಡೂದೂ ಬೇಡ. ಕಿತ್ತು ನೋಡ್ವ."

ನಾಲ್ಕು ಬಾಗಿಲುಗಳ ರಬ್ಬರನ್ನೂ ಅಂಗುಲ ಅಂಗುಲವಾಗಿ ಕಿತ್ತೆವು. ಗೋಂದು ಹಿಡಿದ ಜಾಗ, ತುದಿಗಳು ಸೇರುವ ಜಾಗ, ಬಾಗಿಲಿನ ಕೆಳಗೆ ನೀರು ಹರಿದುಹೋಗಲು ಬಿಟ್ಟ ತೂತುಗಳು, ತಿರುವುಗಳು, ಎಲ್ಲ ನೋಡಿದೆವು. ಈ ಸಲ ಉದ್ದವನ್ನೂ ಅಳೆದೆವು. ಬಾಗಿಲಿನ ರಬ್ಬರನ್ನು ಎಳೆದು ಕೂರಿಸಬೇಕಿಲ್ಲ, ಹಾಗಾಗಿ ಅಲ್ಲಿ ಕುಗ್ಗುವಂಥದೂ ಇರಲಿಲ್ಲ. ಭಟ್ಕಳದ ವೆಲ್ಡರಿಗೆ ಫೋನ್ ಮಾಡಿ ಕೇಳಿದೆ. ಅವರು ಹೇಳಿದ ಮೂರು ಜಾಗಗಳನ್ನೂ ನೋಡಿದೆವು. ತಪ್ಪು ಎನ್ನುವಂಥದ್ದು ಯಾವುದೂ ಕಾಣಲಿಲ್ಲ. ಮತ್ತೆ ಗೋಂದು ಹಚ್ಚಿ ಅಂಟಿಸಿದೆವು. ತಪ್ಪು ಸಿಗಲಿಲ್ಲ ಎಂದು ನಾನು ಬರೆಯಬಲ್ಲೆ. ತಪ್ಪು ಇಲ್ಲ ಎಂದು ಬರೆಯಲಾರೆ.

ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯಿತು, ಹೊನ್ನಾವರದಲ್ಲಿ ಎದುರಿನ ಅಂಗಡಿ ಕಾಣದಷ್ಟು. ಮಧ್ಯಾಹ್ನ ಭಾವಮೈದನ ಫೋನ್ ಬಂತು. ಮಾವಳ್ಳಿಯಲ್ಲಿ ಮನೆಯ ಮುಂದೆ ಕಾರನ್ನು ಬಯಲಲ್ಲೇ ನಿಲ್ಲಿಸಿ ಒಳಗೆ ಕೂತಿದ್ದನಂತೆ. ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅವನು ಕೂಗಿ ಮಾತಾಡಬೇಕಾಯಿತು.

"ಭಾವ, ಒಣ ಅದೆ! ಗಾಜಿನ ಕೆಳಗೆ ಒಂದು ಹನಿ ಇಲ್ಲ! ಅಣ್ಣನ್ನೂ ಒಳಗೆ ಕೂರ್ಸ್ಕಂಡಿದ್ದೆ. ಈಗ ಎಂತದೂ ಮಾತಾಡೂದಿಲ್ಲ ಅಂವ!"

ಹಿಂದಿನಿಂದ ಅಣ್ಣನ ಬೈಗುಳ, ಇಬ್ಬರ ನಗು ಕೇಳಿಸಿತು.

"ಬಾಗಿಲ ಕೆಳಗೆ ಕೈ ಹಾಕಿ ನೋಡು" ಎಂದೆ.

"ನೋಡಿದ್ದೆ."

"ಇನ್ನೊಂದ್ಸಲ ನೋಡು. ನಾಲ್ಕೂ ಕಡೆ."

ಅವನು ಸೀಟಿನಿಂದ ಸೀಟಿಗೆ ಸರಿಯುವ ಸದ್ದು ಕೇಳಿಸಿತು. "ನಾಲ್ಕೂ ಕಡೆ ನೋಡ್ದೆ. ಒಣ ಅದೆ ಭಾವ."

"ಆತು. ನಾಳೆನೂ ನೋಡು" ಎಂದೆ.